ಅಮ್ಮ ನುಂಗುತ್ತಿಲ್ಲ, ಮೂಗಿಗೆ ಪೈಪ್ ಹಾಕಿಸಬೇಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಮ್ಮನಿಗೆ 79 ವರ್ಷ, ಒಂಬತ್ತು ವರ್ಷದಿಂದ ಡಿಮೆನ್ಷಿಯಾ (ಮರೆವಿನ ಕಾಯಿಲೆ). ಈಗ ಮಾತಿಲ್ಲ, ಎದ್ದು ಓಡಾಡುವುದಿಲ್ಲ, ನನ್ನ ಗುರುತೂ ಇಲ್ಲ. ಹೋದ ವರ್ಷ ಶಿವಮೊಗ್ಗದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆ. ಈಚೆಗೆ ತುತ್ತನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಾಳೆ, ಕೆಮ್ಮುತ್ತಾಳೆ. ಊಟ ಹೊಟ್ಟೆಗೆ ಇಳಿಸಲು ಮೂಗಿಗೆ ಪೈಪ್ ಹಾಕಿಸಿ ಎನ್ನುತ್ತಾರೆ ಅಲ್ಲಿಯವರು. ಹೆತ್ತವಳನ್ನು ಹೊರಗೆ ಹಾಕಿದೆ ಎನ್ನುತ್ತಾರೆ ನೆಂಟರು. ಗುರುತೇ ಸಿಗದ ಮೇಲೆ ನಾನು ಹೋಗಿ ಏನು ಪ್ರಯೋಜನ?

ಉತ್ತರ: ಪೈಪ್‌ಗೆ ಅವಸರ ಮಾಡಬೇಡಿ. ಕಾಯಿಲೆ ಈ ಹಂತಕ್ಕೆ ಬಂದ ಮೇಲೆ ಪೈಪ್ ಹಾಕಿದರೆ ಆಯಸ್ಸು ಹೆಚ್ಚುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ನ್ಯುಮೋನಿಯಾವೂ ತಪ್ಪುವುದಿಲ್ಲ. ಬಾಯಿಯ ಜೊಲ್ಲು, ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿಯುವುದನ್ನು ಪೈಪ್ ತಡೆಯಲಾರದು. ಕಿರಿಕಿರಿಗೆ ಅಮ್ಮ ಅದನ್ನು ಕಿತ್ತುಹಾಕುತ್ತಾರೆ, ಆಮೇಲೆ ಕೈ ಕಟ್ಟುವ ಮಾತು ಬರುತ್ತದೆ. ವೃದ್ಧರ ಚಿಕಿತ್ಸೆ ನೋಡುವವರ ಸಂಘವಾದ ಅಮೆರಿಕನ್ ಜೆರಿಯಾಟ್ರಿಕ್ಸ್ ಸೊಸೈಟಿಯ ಸಲಹೆಯೂ ಇಂಥವರಿಗೆ ಪೈಪ್ ಬೇಡ, ಕೈಯಾರೆ ತಿನ್ನಿಸಿ ಎಂದೇ. ಕೈ ಕಟ್ಟಿಸಿಕೊಂಡು ಮಲಗುವುದಕ್ಕಿಂತ ಅರ್ಧ ಬಟ್ಟಲು ಗಂಜಿ ಮೇಲು ಅನ್ನುವವನು ನಾನು.

ಆದರೆ ನುಂಗುವುದು ನಾಲ್ಕೈದು ದಿನದಲ್ಲಿ ದಿಢೀರ್ ಅಂತ ನಿಂತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬಾಯಿಹುಣ್ಣು, ಹಲ್ಲುನೋವು, ಮೂತ್ರದ ಸೋಂಕು, ಹೊಸದಾಗಿ ಶುರುವಾದ ನಿದ್ದೆ ಮಾತ್ರೆ, ಇವು ಸರಿಪಡಿಸಬಹುದಾದ ಕಾರಣಗಳು. ಪಾರ್ಶ್ವವಾಯು ಕೂಡ ಕಾರಣ ಇರಬಹುದು.

ಇನ್ನು ತಿನ್ನಿಸುವುದು. ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಚಿಕ್ಕ ಚಮಚ ಸಾಕು. ನುಂಗಿದ್ದನ್ನು ನೋಡಿ ಮುಂದಿನ ಚಮಚ. ತೂಕಡಿಸುತ್ತಿದ್ದರೆ ತಿನ್ನಿಸಲೇಬೇಡಿ. ನೀರು, ಕಾಫಿ, ತಿಳಿಸಾರು ಬೇಗ ನೆತ್ತಿಗೆ ಹತ್ತುತ್ತವೆ. ಕಾಯಿಲೆಯವರಿಗೆ ಅಂತ ನಾವು ಕೊಡುವ ತೆಳು ಗಂಜಿ ಇದೆಯಲ್ಲ, ಅದೇ ಜಾಸ್ತಿ ಕಷ್ಟ: ತಿಳಿ ಸರ್ರನೆ ಒಳಗೆ ಜಾರುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಮಿಕ್ಸಿಗೆ ಹಾಕಿ ಒಂದೇ ಹದಕ್ಕೆ ತನ್ನಿ. ಮಗುವಿಗೆ ಮಾಡುವ ರಾಗಿ ಸರಿಯ ಹದ ಅಂದುಕೊಳ್ಳಿ. ಆಸೆಪಡುತ್ತಿದ್ದರು ಅಂತ ಎಲೆ ಅಡಿಕೆ ಕೊಡಬೇಡಿ. ಉಂಡ ಮೇಲೆ ಬಾಯಿ ಒರೆಸಿ ಸ್ವಚ್ಛ ಮಾಡಿ, ಅರ್ಧ ಗಂಟೆ ಕೂತೇ ಇರಲಿ.

ಹೀಗೆ ತಿನ್ನಿಸಲು ಒಂದು ಹೊತ್ತಿಗೆ ಮುಕ್ಕಾಲು ಗಂಟೆ ಹಿಡಿದರೂ ಹಿಡಿಯಿತು. ಐದಾರು ಜನರನ್ನು ನೋಡಿಕೊಳ್ಳುವ ಆಯಾಗೆ ಅಷ್ಟು ಸಮಯ ಎಲ್ಲಿ ಬರಬೇಕು? ಅಲ್ಲಿಯವರಿಗೆ ಪೈಪ್ ಸುಲಭ ಅನ್ನಿಸುವುದಕ್ಕೆ ಅದೂ ಒಂದು ಕಾರಣ ಇರಬಹುದು. ಅದಕ್ಕೇ ನೀವು ಊಟದ ಹೊತ್ತಿಗೆ ಹೋಗಿ. ನಿಮ್ಮ ಹೆಸರು ಅಮ್ಮನಿಗೆ ಗೊತ್ತಾಗದಿರಬಹುದು, ಆದರೆ ಪರಿಚಯದ ದನಿಗೆ, ಕೈಗೆ ಮೈ ಸಡಿಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಡಿಕೊಳ್ಳುವ ನೆಂಟರನ್ನೂ ಒಂದು ಮಧ್ಯಾಹ್ನ ಚಮಚ ಕೊಟ್ಟು ಕೂರಿಸಿ, ನೋಡೋಣ.

ಹೋದಾಗ ಹಿಮ್ಮಡಿ, ಸೊಂಟದ ಕೆಳಭಾಗ ನೋಡಿ. ಕೆಂಪಾಗಿದ್ದರೆ ಹುಣ್ಣಿಗೆ ಅದೇ ಶುರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರಾ ಕೇಳಿ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ, ಹಾಸಿಗೆ ತೇವ ಇದೆಯಾ ಮುಟ್ಟಿ ನೋಡಿ. ಮಗ್ಗುಲು ಬದಲಿಸುವಾಗ ಹುಬ್ಬು ಗಂಟಿಕ್ಕಿದರೆ, ನರಳಿದರೆ, ಅದು ನೋವು. ಮಾತು ಹೋಯಿತು ಅಂದರೆ ನೋವೂ ಹೋಯಿತು ಅಂತಲ್ಲ. ಡಾಕ್ಟರಿಗೆ ಹೇಳಿ ಔಷಧಿ ಬರೆಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಊಟ ಕಡಿಮೆಯಾಗುತ್ತಲೇ ಹೋಗಬಹುದು. ಅದು ಕಾಯಿಲೆಯ ಕೊನೆಯ ದಾರಿ, ನೀವು ಉಪವಾಸ ಕೆಡವಿದಂತೆ ಅಲ್ಲ.

ಆರೋಗ್ಯವಾಗಿದ್ದಾಗ ಅಮ್ಮ ಇಂಥದ್ದರ ಬಗ್ಗೆ ಏನಾದರೂ ಹೇಳಿದ್ದರಾ? ಒಡಹುಟ್ಟಿದವರು ಕೂತು ನೆನಪಿಸಿಕೊಳ್ಳಿ, ಡಾಕ್ಟರಿಗೂ ತಿಳಿಸಿ. ಕೊನೆಗಾಲದ ಚಿಕಿತ್ಸೆ ಬೇಕೋ ಬೇಡವೋ ಅಂತ ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ. 2023ರಿಂದ ಅದಕ್ಕೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಅಮ್ಮನ ಪಾಲಿಗೆ ಆ ಹೊತ್ತು ದಾಟಿತು. ನಿಮ್ಮದನ್ನು ನೀವು ಬರೆದಿಡಬಹುದು.