ಮೊಮ್ಮಕ್ಕಳ ಮರಳುಗುಂಡಿ ನಾರುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಂಡ್ಯದ ಹತ್ತಿರ, ಗದ್ದೆ ಬಯಲಿಗೆ ಅಂಟಿಕೊಂಡ ಹಾಗೆ ನಮ್ಮ ಮನೆ. ನಾಲ್ಕು ವರ್ಷದ ಹಿಂದೆ ಮೊಮ್ಮಕ್ಕಳಿಗೆ ಅಂತ ಹಿತ್ತಲಲ್ಲಿ ಆರಡಿ ಉದ್ದ, ಆರಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿಸಿದೆ. ಸುತ್ತ ಸಿಲ್ವರ್ ಓಕ್ ಹಲಗೆ, ತಳಕ್ಕೆ ನೀಲಿ ಟಾರ್ಪಾಲು, ಮೇಲೆ ಮರಳು. ಈಗ ಹಲಗೆಗೆ ಗೆದ್ದಲು ಹಿಡಿದಿದೆ. ಟಾರ್ಪಾಲು ತೂತಾಗಿ ಕೊನ್ನಾರಿ ಎದ್ದಿದೆ. ಒಂದು ಗೇಣು ಕೆದಕಿದರೆ ಮರಳು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಬೆಕ್ಕಿನ ಕಾಟ ಬೇರೆ. ತಳಕ್ಕೆ ಕಾಂಕ್ರೀಟ್ ಹಾಕಿಬಿಡೋಣ ಅಂತಾರೆ ಗಾರೆಯವರು. ದಸರಾ ರಜೆಗೆ ಮಕ್ಕಳು ಬರುತ್ತಾರೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಕಾಂಕ್ರೀಟ್ ಮಾತ್ರ ಹಾಕಿಸಬೇಡಿ. ನಿಮ್ಮ ಗುಂಡಿ ಕೆಟ್ಟಿದ್ದೇ ನೀರು ಹೊರಗೆ ಹೋಗದೆ. ಟಾರ್ಪಾಲು ಹಾಸಿದ ಗುಂಡಿ ಅಂದರೆ ನೀರಿನ ತೊಟ್ಟಿ. ತೂತು ಬಿದ್ದರೂ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅದರೊಳಗೆ ಎಲೆ, ಕಸ ಗಾಳಿಯಿಲ್ಲದೆ ಕೊಳೆತಾಗ ಆ ಕಪ್ಪು ಬಣ್ಣ, ಆ ವಾಸನೆ. ಕಾಂಕ್ರೀಟ್ ಹಾಕಿದರೆ ಇದೇ ತೊಟ್ಟಿ ಇನ್ನೂ ಗಟ್ಟಿಯಾಗುತ್ತದೆ, ಅಷ್ಟೇ. ನಾನೂ ಒಮ್ಮೆ ತಂಗಿಯ ಮನೆಯಲ್ಲಿ ಮಿಕ್ಕಿದ್ದ ಕೃಷಿ ಹೊಂಡದ ಕಪ್ಪು ಹಾಳೆ ಹಾಸಿ ಬುದ್ಧಿವಂತ ಅಂದುಕೊಂಡಿದ್ದೆ. ನೀರು ಹಿಡಿಯುವುದೇ ಆ ಹಾಳೆಯ ಕೆಲಸ. ಅದು ತನ್ನ ಕೆಲಸ ಮಾಡಿತು. ಮಳೆಗಾಲದಲ್ಲಿ ಮಕ್ಕಳಿಗಿಂತ ಕಪ್ಪೆಗಳೇ ಜಾಸ್ತಿ ಆಡಿದವು.

ಮೊದಲು ಎಲ್ಲ ಬರಿದು ಮಾಡಿ. ಹಳೇ ಮರಳನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡ. ಬೆಕ್ಕು ಹೊಲಸು ಮಾಡಿದ ಮರಳು ಅದು. ತೆಂಗಿನ ಬುಡಕ್ಕೆ ಹಾಕಿ. ಟಾರ್ಪಾಲು ಕಿತ್ತು, ಕೊನ್ನಾರಿ ಗಡ್ಡೆಗಳನ್ನು ಕೈಯಿಂದ ಆರಿಸಿ ತೆಗೆಯಿರಿ. ಮೇಲಿನ ಹುಲ್ಲು ಕಿತ್ತರೆ ಏನೂ ಪ್ರಯೋಜನವಿಲ್ಲ, ಅದರ ಮೊಳಕೆ ಪ್ಲಾಸ್ಟಿಕ್ಕನ್ನೇ ಚುಚ್ಚಿಕೊಂಡು ಬರುತ್ತದೆ. ನೀವೇ ನೋಡಿದ್ದೀರಲ್ಲ.

ಆಮೇಲೆ ಒಂದು ಪರೀಕ್ಷೆ. ತಳದ ನಡುವೆ ಹಾರೆಯಿಂದ ಇನ್ನೊಂದು ಅಡಿ ಅಗೆದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ತಾನಾಗಿ ನೀರು ಒಸರಿದ್ದರೆ, ಅದು ಮಳೆ ನೀರಲ್ಲ, ಕೆಳಗಿನ ನೀರು. ನಿಮ್ಮ ಕಡೆ ಇದೇ ಆಗುತ್ತದೆ ಅಂತ ನನ್ನ ಊಹೆ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಭತ್ತದ ಗದ್ದೆಗಳು ತುಂಬಿದರೆ ಬಯಲಿನ ಬಾವಿಗಳ ನೀರೂ ಮೇಲೇರುತ್ತದೆ ಅಲ್ವಾ? ನಿಮ್ಮ ಗುಂಡಿಯೂ ಒಂದು ಪುಟ್ಟ ಬಾವಿಯೇ. ಹಾಗಾಗಿ ನಾಲೆಯಲ್ಲಿ ನೀರಿರುವಾಗಲೇ ಈ ಪರೀಕ್ಷೆ ಮಾಡಿ. ಬೇಸಿಗೆಯಲ್ಲಿ ಮಾಡಿದರೆ ಮೋಸ ಹೋಗುತ್ತೀರಿ. ಒಸರದಿದ್ದರೆ ಎರಡು ಬಕೆಟ್ ನೀರು ಸುರಿದು ನೋಡಿ. ಮಾರನೇ ದಿನಕ್ಕೂ ಇಂಗದೆ ನಿಂತಿದ್ದರೆ ಅದು ಜೇಡಿ ಮಣ್ಣು.

ಎರಡಕ್ಕೂ ಮದ್ದು ಒಂದೇ. ಗುಂಡಿಯನ್ನು ಮುಚ್ಚಿ, ಮರಳನ್ನು ನೆಲದ ಮೇಲಕ್ಕೆ ತನ್ನಿ. ತಳಕ್ಕೆ ಒಂದಡಿ ಗ್ರಾವೆಲ್, ಅಂದರೆ ಗರಸು ಮಣ್ಣು, ತುಂಬಿ ದಮ್ಮಸ್ಸು ಮಾಡಿಸಿ. ಅದರ ಮೇಲೆ ಅರ್ಧ ಅಡಿ 20 ಮಿ.ಮೀ. ಜಲ್ಲಿ. ಅಲ್ಲಿಗೆ ನೆಲದ ಮಟ್ಟಕ್ಕೆ ಬಂತು. ಸುತ್ತ ಅರ್ಧ ಅಡಿ ಆಳದ ಪಾಯ ಹಾಕಿ, ಆರಿಂಚಿನ ಸಾಲಿಡ್ ಬ್ಲಾಕ್ ಎರಡು ವರಸೆ ಕಟ್ಟಿಸಿ. 16 ಇಂಚು ಎತ್ತರವಾಗುತ್ತದೆ, ಮಕ್ಕಳು ಕೂರಲೂ ಸರಿ. ಕೆಳಗಿನ ವರಸೆಯಲ್ಲಿ ಒಂದೊಂದು ಬದಿಗೆ ಒಂದೆರಡು ಸಂದುಗಳಿಗೆ ಗಾರೆ ತುಂಬದೆ ಬಿಡಬೇಕು, ನೀರು ಹೋಗಲು. ಇದನ್ನು ಗಾರೆಯವರಿಗೆ ಎರಡು ಸಲ ಹೇಳಿ. ಬಿಟ್ಟ ಸಂದನ್ನು ‘ಮರೆತಿದ್ದೆ ಸಾರ್’ ಅಂತ ಸಂಜೆಗೆ ಮುಚ್ಚಿ ಹೋಗುವವರನ್ನು ನೋಡಿದ್ದೇನೆ. ಮೇಲಿನ ಅಂಚನ್ನು ಗುಂಡಗೆ ಪ್ಲಾಸ್ಟರ್ ಮಾಡಿಸಿ. ಮತ್ತೆ ಹಲಗೆಯೇ ಬೇಕು ಅಂದರೆ ಗೆದ್ದಲಿಗೆ ಅಂತ ವೇಸ್ಟ್ ಆಯಿಲ್ ಬಳಿಯುವುದು, ಔಷಧಿ ಸುರಿಯುವುದು ಬೇಡವೇ ಬೇಡ. ಮಕ್ಕಳ ಕೈ ಅಲ್ಲಿಂದ ನೇರ ಬಾಯಿಗೆ ಹೋಗುತ್ತದೆ.

ಈಗ ಒಳಹಾಸು. ನಿಮಗೆ ಬೇಕಾದದ್ದು ನಾನ್ ವೋವನ್ ಜಿಯೋಟೆಕ್ಸ್‌ಟೈಲ್, ಅಂದರೆ ನೆಲದಡಿ ಹಾಸುವ, ನೇಯದೆ ಮಾಡಿದ ಬಟ್ಟೆ. ಕೈಗೆ ತೆಳ್ಳನೆ ಕಂಬಳಿಯ ಹಾಗೆ ಸಿಗುತ್ತದೆ. ಅದು ನೀರನ್ನು ಬಿಡುತ್ತದೆ, ಮರಳನ್ನು ಬಿಡುವುದಿಲ್ಲ. 150ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಸಾಕು. ಹೆಸರು ಹೇಳಿದರೆ ಅಂಗಡಿಯವರು ಇನ್ನೇನೋ ತೆಗೆದುಕೊಟ್ಟಾರು. ಒಂದು ತುಂಡು ಹಿಡಿದು ಬಾಟಲಿಯ ನೀರು ಹೊಯ್ಯಿರಿ. ಕೆಳಗೆ ತೊಟ್ಟಿಕ್ಕಿದರೆ ಸರಿ, ಮೇಲೇ ನಿಂತರೆ ವಾಪಸ್ ಕೊಡಿ. ಆರಡಿ ತಳಕ್ಕೆ ಆರಡಿ ಬಟ್ಟೆ ತಂದು ಪೇಚಾಡಬೇಡಿ. ಎರಡೂ ಬದಿ ಗೋಡೆಗೆ ಏರಬೇಕು, ಹಾಗಾಗಿ 9 ಅಡಿಗೆ 9 ಅಡಿ ಬೇಕು. ಜೋಡಿಸುವುದಾದರೆ ಒಂದರ ಮೇಲೊಂದು ಒಂದಡಿ ಹತ್ತಿಸಿ.

ಬಟ್ಟೆಯ ಮೇಲೆ ನೇರ ಮರಳು ಹಾಕಬೇಡಿ. ಮಕ್ಕಳ ಸನಿಕೆ ಎರಡೇ ದಿನಕ್ಕೆ ಅದನ್ನು ಹರಿಯುತ್ತದೆ. ಇಟ್ಟಿಗೆಗಳನ್ನು ಗಾರೆಯಿಲ್ಲದೆ, ಬೆರಳು ತೂರುವಷ್ಟು ಸಂದು ಬಿಟ್ಟು, ಮಲಗಿಸಿ ಹಾಸಿ. ಅಗೆಯುತ್ತಾ ಹೋದ ಮಗುವಿಗೆ ‘ಟಕ್’ ಅಂತ ಶಬ್ದ ಕೇಳುತ್ತದೆ, ಅಲ್ಲಿಗೆ ನಿಲ್ಲಿಸುತ್ತದೆ.

ಇಟ್ಟಿಗೆಯ ಮೇಲೆ ಹತ್ತಿಂಚು ಮರಳು. 30 ಘನ ಅಡಿ ಆಯಿತು. ಒಂದು ಘನ ಅಡಿ ಒಣ ಮರಳು ಸುಮಾರು 45 ಕೆ.ಜಿ. ತೂಗುತ್ತದೆ, ಅಂದರೆ ಒಂದೂಕಾಲು ಟನ್‌ಗಿಂತ ಹೆಚ್ಚು. ಯಾವ ಮರಳು ಅನ್ನುವುದೇ ಕಷ್ಟದ ಪ್ರಶ್ನೆ. ಎಂ ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು. ಕಾಳು ಚೂಪು, ತೊಳೆಯದಿದ್ದರೆ ಧೂಳು ಬೇರೆ. ಆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ‘ಫಿಲ್ಟರ್ ಮರಳು’ ಅಂತ ಅಗ್ಗಕ್ಕೆ ಕೊಡಲು ಬಂದರೆ ಬಾಗಿಲಲ್ಲೇ ಕಳಿಸಿ. ಮಣ್ಣು ತೊಳೆದು ಕದ್ದುಮುಚ್ಚಿ ಮಾಡುವ ಮರಳು ಅದು, ಬಟ್ಟೆಗೆಲ್ಲ ಕೆಂಪು ಹಿಡಿಯುತ್ತದೆ. ರಸೀದಿ ಕೊಡುವವರಿಂದ ನದಿ ಮರಳು ಸಿಕ್ಕರೆ ಜರಡಿ ಹಿಡಿದು ಬಳಸಿ. ಸಿಗದಿದ್ದರೆ ಚೆನ್ನಾಗಿ ತೊಳೆದ, ಪ್ಲಾಸ್ಟರಿಂಗ್‌ಗೆ ಬಳಸುವ ನುಣುಪು ಮರಳು. ಗಾಜಿನ ಬಾಟಲಿಗೆ ಒಂದು ಮುಷ್ಟಿ ಹಾಕಿ, ನೀರು ತುಂಬಿ ಕುಲುಕಿ, ಅರ್ಧ ದಿನ ಇಡಿ. ಮೇಲೆ ಕೆಸರಿನ ದಪ್ಪ ಪದರ ಕೂತರೆ ಆ ಲೋಡು ಬೇಡ.

ಬೆಕ್ಕಿಗೆ: ಚೌಕಟ್ಟಿಗೆ ಗ್ರೀನ್ ನೆಟ್ ಬಿಗಿದು ಮುಚ್ಚಳ ಮಾಡಿಸಿ. ಗಾಳಿ ಆಡುತ್ತದೆ, ಮಳೆ ಇಳಿಯುತ್ತದೆ. ಮರಳಿನ ಮೇಲೆ ತಗಡು, ಟಾರ್ಪಾಲು ಸುಮ್ನೆ ಹೊದಿಸಿದರೆ ಅಡಿಯಲ್ಲಿ ಚೇಳಿಗೆ ಮನೆ ಮಾಡಿಕೊಟ್ಟ ಹಾಗೆ. ಬೆಕ್ಕಿನ ಹೇಲಿನಲ್ಲಿ ಹುಳದ ಮೊಟ್ಟೆ, ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ಇರಬಹುದು. ಒದ್ದೆ ಮರಳಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಕಂಡರೆ ಸುತ್ತಲಿನ ಮರಳಿನ ಸಮೇತ ಎತ್ತಿ ಹಾಕಿ. ಮಕ್ಕಳು ಇಳಿಯುವ ಮೊದಲು ಕೋಲಿನಿಂದ ಒಮ್ಮೆ ಕೆದಕಿ, ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಮೂವತ್ತು ವರ್ಷ ಹಳೇ ಮನೆ. ತಾರಸಿಯ ಮೇಲೆ ಇಂಥದ್ದೇ ಮರಳುಗುಂಡಿ ಕಟ್ಟಿಸಬಹುದಾ?

ಉತ್ತರ: ಬೇಡಮ್ಮ. ಮೇಲೆ ಹೇಳಿದ ತೂಕ ನೋಡಿದಿರಲ್ಲ, ಮಳೆ ಬಿದ್ದರೆ ಇನ್ನೂ ಹೆಚ್ಚು. ತಾರಸಿಯ ಮೋಲ್ಡ್ (ಕಾಂಕ್ರೀಟ್ ಚಾವಣಿ) ಸೋರಲು ಶುರುವಾದರೆ ಆ ರಿಪೇರಿ ಬೇರೆ. ಅಗಲದ ಪ್ಲಾಸ್ಟಿಕ್ ಟಬ್ ಒಂದಕ್ಕೆ ತಳದಲ್ಲಿ ನಾಲ್ಕಾರು ತೂತು ಕೊರೆದು, ಅದೇ ಬಟ್ಟೆಯ ತುಂಡು ಹಾಸಿ, ಎರಡು ಬಾಂಡ್ಲಿ ಮರಳು ಹಾಕಿಕೊಡಿ. ಟಬ್ಬನ್ನು ತಾರಸಿಗೆ ಒಯ್ಯುವುದೂ ಬೇಡ, ಪೋರ್ಟಿಕೋದಲ್ಲೇ ಇಡಿ.