ಸಂಪಾದಕರ ಉತ್ತರ: ರಿಜಿಸ್ಟರಿನ ಸಹಿಯೂ ಜೆಟ್ಟಿಂಗ್ ಮಷಿನ್ನಿನ ತರಬೇತಿಯೂ

ಮಾನ್ಯರೇ,

ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ಮೇಲ್ವಿಚಾರಕರಾಗಿರುವ ನೀವು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಬರೆದ ಪತ್ರ ತಲುಪಿದೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಕಬ್ಬಿನ ಹಾಲನ್ನು ಕುದಿಸಿ ಗಟ್ಟಿಮಾಡುವ ಇವಾಪರೇಟರಿನ ಟ್ಯೂಬುಗಳನ್ನು ತೊಳೆಯಲು ಗುತ್ತಿಗೆದಾರರು ಅಧಿಕ ಒತ್ತಡದಲ್ಲಿ ನೀರು ಚಿಮ್ಮಿಸುವ ಹೈಡ್ರೋ ಜೆಟ್ಟಿಂಗ್ ಮಷಿನ್ನನ್ನೂ ಅದರೊಂದಿಗೆ ಹುಡುಗರ ತಂಡವನ್ನೂ ಕಳಿಸುತ್ತಾರೆ, ಗೇಟಿನ ಬಳಿ ಅರ್ಧ ಗಂಟೆ ಸುರಕ್ಷತೆಯ ಮಾತು ಹೇಳಿ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡರೆ ಕೆಲಸ ಶುರುವಾಗುತ್ತದೆ ಎಂದು ತಿಳಿಸಿ, ಇದನ್ನು ತರಬೇತಿ ಎನ್ನಬಹುದೇ, ಹದಿನೈದು ವರ್ಷ ಮಷಿನ್ ಹಿಡಿದವನಿಗೂ ತರಬೇತಿ ಬೇಕೇ, ಹೊಣೆ ಗುತ್ತಿಗೆದಾರನದೋ ಕಾರ್ಖಾನೆಯದೋ ಎಂದು ಕೇಳಿದ್ದೀರಿ.

ಅರ್ಧ ಗಂಟೆಯ ಮಾತು ಅಗತ್ಯ, ಅದನ್ನು ಬಿಡಬೇಡಿ. ಆದರೆ ಅದು ಸೂಚನೆ ಮಾತ್ರ. ನೀರಿನ ಒತ್ತಡದಿಂದ ಕೆಲಸ ಮಾಡುವ ಈ ಯಂತ್ರದ ವಿಷಯದಲ್ಲಿ ಸೂಚನೆಗೂ ತರಬೇತಿಗೂ ಇರುವ ಅಂತರ ಬೇರೆ ಯಂತ್ರಗಳಿಗಿಂತ ದೊಡ್ಡದು, ಏಕೆಂದರೆ ಇದರ ಅಪಾಯ ಕಣ್ಣಿಗೆ ಕಾಣುವುದಿಲ್ಲ. ತಿರುಗುವ ಗಿಯರಿನ ಬಳಿ ಕೈ ಒಯ್ಯಬಾರದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ನೀರನ್ನು ಕಂಡರೆ ಯಾರೂ ಹೆದರುವುದಿಲ್ಲ. 700 ಬಾರ್ ಒತ್ತಡದಲ್ಲಿ (ವಾತಾವರಣದ ಒತ್ತಡದ ಸುಮಾರು 700 ಪಟ್ಟು) ನಾಝಲ್‌ನಿಂದ, ಅಂದರೆ ತುದಿಯ ಸಣ್ಣ ರಂಧ್ರದ ಮೂತಿಯಿಂದ, ಹೊರಬರುವ ನೀರಿನ ವೇಗ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 370 ಮೀಟರ್, ಅಂದರೆ ಗಾಳಿಯಲ್ಲಿ ಶಬ್ದದ ವೇಗಕ್ಕಿಂತ ಹೆಚ್ಚು. ನಿಮಿಷಕ್ಕೆ 40 ಲೀಟರ್ ನೀರು ಹೀಗೆ ಹೊರಟರೆ ಗನ್ ಹಿಡಿದವನನ್ನು ಸುಮಾರು 25 ಕಿಲೋ ಭಾರದಷ್ಟು ಬಲ ಹಿಂದಕ್ಕೆ ತಳ್ಳುತ್ತಿರುತ್ತದೆ. ಈ ಬಲ ಆಪರೇಟರನ ದೇಹದ ತೂಕದ ಮೂರನೆಯ ಒಂದು ಭಾಗವನ್ನು ಮೀರಬಾರದೆಂಬುದು ಈ ವೃತ್ತಿಯಲ್ಲಿ ಪಾಲಿಸಿಕೊಂಡು ಬಂದಿರುವ ಮಿತಿ. ನೀವು ವಿವರಿಸಿರುವಂತಹ ಐವತ್ತೈದು ಕಿಲೋದ ಹುಡುಗ ಒದ್ದೆಯಾದ ಕಬ್ಬಿಣದ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅದನ್ನು ತಡೆದುಕೊಳ್ಳಲಾರ ಎಂಬುದನ್ನು ತಿಳಿಯಲು ಒಂದು ಸಾಲಿನ ಗುಣಾಕಾರ ಸಾಕು; ಅಷ್ಟನ್ನೂ ಮಾಡದೆ ನಾಝಲ್ ಆರಿಸುವುದು ನಮ್ಮಲ್ಲಿ ಸಾಮಾನ್ಯ.

ಈ ಕಾರಣಕ್ಕೇ ಮೊದಲ ಪಾಠ ಕೊಠಡಿಯಲ್ಲಿ ನಡೆದರೆ ಪ್ರಯೋಜನ ಕಡಿಮೆ. ಹಳೆಯ ಗಂಬೂಟೊಂದನ್ನು ಎದುರಿಗಿಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ, ಅನುಭವಿಯೊಬ್ಬರು ಜೆಟ್ ಅದನ್ನು ಸೀಳುವುದನ್ನು ತೋರಿಸಲಿ. ಆ ಬಳಿಕ, ಮೈಮೇಲಿನ ಸಾಧಾರಣ ರೇನ್‌ಕೋಟು ಮತ್ತು ಬೂಟು ಒದ್ದೆಯಾಗದಂತೆ ಕಾಯುತ್ತವೆಯೇ ಹೊರತು ಜೆಟ್ಟನ್ನು ತಡೆಯುವುದಿಲ್ಲ ಎಂಬುದನ್ನು ಮತ್ತೆ ಹೇಳಬೇಕಾಗುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಪ್ರಮಾಣಪತ್ರಗಳನ್ನು ನಾವು ಒಬ್ಬೊಬ್ಬರ ಹೆಸರಿಗೆ ಕೊಡುತ್ತೇವೆ, ಆದರೆ ಜೆಟ್ಟಿಂಗ್‌ನ ಅಪಘಾತ ಬಹುಮಟ್ಟಿಗೆ ಇಬ್ಬರ ನಡುವೆ ಹುಟ್ಟುತ್ತದೆ. ಪಂಪ್ ಕೆಳಗೆ ನೆಲದ ಮೇಲಿರುತ್ತದೆ, ಲ್ಯಾನ್ಸ್, ಅಂದರೆ ತುದಿಯಲ್ಲಿ ನಾಝಲ್ ಇರುವ ಉದ್ದನೆಯ ಕೊಳವೆ, ಹಿಡಿದವನು ಮೇಲೆ ಇವಾಪರೇಟರಿನ ಒಳಗಿರುತ್ತಾನೆ. ಡೀಸೆಲ್ ಎಂಜಿನ್ನಿನ ಸದ್ದಿನಲ್ಲಿ ಒಬ್ಬನ ಕೂಗು ಇನ್ನೊಬ್ಬನಿಗೆ ಕೇಳುವುದಿಲ್ಲ, ಕಬ್ಬಿಣದ ಗೋಡೆ ಅಡ್ಡವಿರುವುದರಿಂದ ಕೈಸನ್ನೆಯೂ ಕಾಣುವುದಿಲ್ಲ. ನಾಝಲ್ ಬದಲಿಸಲು ಮೇಲಿನವನು ಕಪ್ಲಿಂಗ್ ಬಿಚ್ಚುತ್ತಿರುವಾಗ, ಕೆಲಸ ಮುಂದುವರಿಯಿತೆಂದು ಭಾವಿಸಿದ ಕೆಳಗಿನವನು ಒತ್ತಡ ಏರಿಸಿದರೆ, ಇಬ್ಬರೂ ತಮ್ಮ ತಮ್ಮ ಪಾಠವನ್ನು ತಪ್ಪಿಲ್ಲದೆ ಕಲಿತಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಪಂಪಿನ ಬಳಿ ನಿಲ್ಲುವವನು, ಲ್ಯಾನ್ಸ್ ಹಿಡಿಯುವವನು, ಮ್ಯಾನ್‌ಹೋಲಿನ ಬಾಯಲ್ಲಿ ಇಬ್ಬರಿಗೂ ಕಾಣುವಂತೆ ನಿಲ್ಲುವ ಮೂರನೆಯವನು ಇವರೆಲ್ಲರಿಗೂ ಒಟ್ಟಿಗೆ, ಅವರು ಬಳಸಲಿರುವ ಅದೇ ಮಷಿನ್ನಿನ ಮೇಲೆ, ಮೊದಲು ಒತ್ತಡವಿಲ್ಲದೆ, ನಂತರ ಕಡಿಮೆ ಒತ್ತಡದಲ್ಲಿ ಅಭ್ಯಾಸ ಮಾಡಿಸಬೇಕು. ನಿಲ್ಲಿಸು ಎಂಬ ಸಂಕೇತವನ್ನು ಮೂವರಲ್ಲಿ ಯಾರು ಕೊಟ್ಟರೂ ಪಂಪ್ ನಿಲ್ಲಬೇಕು, ಮತ್ತೆ ಶುರುಮಾಡುವ ಸಂಕೇತ ಲ್ಯಾನ್ಸ್ ಹಿಡಿದವನಿಂದ ಮಾತ್ರ ಬರಬೇಕು. ಪಂಪಿನವನು ಚಹಾಕ್ಕೆ ಹೋಗುವಾಗ ಪಂಪೂ ನಿಲ್ಲಬೇಕು. ತಂಡದ ಒಬ್ಬ ಊರಿಗೆ ಹೋಗಿ ಹೊಸಬ ಬಂದರೆ ಅಭ್ಯಾಸ ಮತ್ತೆ ಮೊದಲಿನಿಂದ ನಡೆಯಬೇಕು. ಇದು ಗುತ್ತಿಗೆದಾರರಿಗೆ ಹಿಡಿಸುವುದಿಲ್ಲವೆಂದು ನನಗೆ ಗೊತ್ತು.

ಕಾಲಿನಿಂದ ಒತ್ತಿಹಿಡಿದಾಗ ಮಾತ್ರ ಒತ್ತಡ ಬಿಡುವ ಫುಟ್ ವಾಲ್ವಿನ ಮೇಲೆ ಕಲ್ಲು ಹೇರಿ ಅಥವಾ ಗನ್ನಿನ ಟ್ರಿಗರಿಗೆ ತಂತಿ ಸುತ್ತಿ ಕೆಲಸ ಮಾಡುತ್ತಾರೆಂದು ನೀವು ಬರೆದಿದ್ದೀರಿ. ಕಾಲು ಅಥವಾ ಬೆರಳು ತೆಗೆದ ಕ್ಷಣ ಒತ್ತಡ ಇಳಿಯಬೇಕೆಂಬುದೇ ಆ ಸಾಧನದ ಉದ್ದೇಶ. ಕಟ್ಟಿಹಾಕುವವನು ಸೋಮಾರಿಯೆಂದು ಬೈಯುವ ಮುನ್ನ ಆ ಪೆಡಲನ್ನು ಎಷ್ಟು ಹೊತ್ತು ಒತ್ತಿಹಿಡಿಯಬೇಕಾಗುತ್ತದೆ, ಅದು ನಿಲ್ಲುವ ಜಾಗಕ್ಕೆ ಸರಿಯಾಗಿದೆಯೇ ಎಂದು ನೋಡಿ. ಕಾಲು ಸೋಲುವುದಕ್ಕೆ ತರಬೇತಿ ಮದ್ದಲ್ಲ. ಪಾಳಿ ಬದಲಿಸುವುದು ಮದ್ದು.

ಟ್ಯೂಬ್ ತೊಳೆಯುವ ಕೆಲಸಕ್ಕೇ ವಿಶೇಷವಾದ ಎರಡು ಅಪಾಯಗಳನ್ನು ನಿಮ್ಮ ರಿಜಿಸ್ಟರಿನ ಸೂಚನೆಗಳಲ್ಲಿ ನಾನು ಕಾಣಲಿಲ್ಲ. ಬಗ್ಗುವ ಲ್ಯಾನ್ಸನ್ನು ಹಿಂದಕ್ಕೆ ಎಳೆಯುವಾಗ ಒತ್ತಡವಿದ್ದಂತೆಯೇ ನಾಝಲ್ ಟ್ಯೂಬಿನ ಬಾಯಿ ದಾಟಿದರೆ ಹೋಸ್ ಹಾವಿನಂತೆ ಹೊರಳಿ ಹಿಡಿದವನನ್ನೇ ಹೊಡೆಯುತ್ತದೆ. ಇದಕ್ಕಾಗಿ ನಾಝಲ್‌ನಿಂದ ಎರಡು ಅಡಿ ಹಿಂದೆ ಹೋಸಿನ ಮೇಲೆ ಎದ್ದುಕಾಣುವ ಟೇಪ್ ಸುತ್ತಿ, ಟೇಪ್ ಕಂಡೊಡನೆ ಕಾಲು ತೆಗೆಯುವುದನ್ನು ರೂಢಿಮಾಡಿಸಬೇಕು. ನಾಝಲ್ ತಾನಾಗಿ ಹೊರಬಾರದಂತೆ ಟ್ಯೂಬಿನ ಬಾಯಲ್ಲಿ ಹಿಡಿದಿಡುವ ತಡೆಯೂ ಬೇಕು. ಎರಡನೆಯದು ಇನ್ನೂ ಅನಿರೀಕ್ಷಿತ. ನಾಝಲ್ ಮತ್ತು ಅದರ ಹಿಂದಿನ ಗಟ್ಟಿ ಭಾಗ ಸೇರಿ ಟ್ಯೂಬಿನ ಒಳವ್ಯಾಸಕ್ಕಿಂತ ಉದ್ದವಿಲ್ಲದಿದ್ದರೆ ಅದು ಒಳಗೇ ತಿರುಗಿಕೊಂಡು, ಹೋದ ದಾರಿಯಲ್ಲೇ ಆಪರೇಟರನ ಕಡೆಗೆ ಬರಬಲ್ಲದು. ಸುಮಾರು 45 ಮಿಲಿಮೀಟರಿನ ಇವಾಪರೇಟರ್ ಟ್ಯೂಬಿನಲ್ಲಿ ಪಾರಾದ ಚಿಕ್ಕ ನಾಝಲ್ಲನ್ನೇ ಅಗಲವಾದ ಪೈಪಿಗೂ ಬಳಸುವಾಗ ಈ ಅಪಾಯ ಹುಟ್ಟುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬ್ರಿಟನ್ನಿನ ವಾಟರ್ ಜೆಟ್ಟಿಂಗ್ ಅಸೋಸಿಯೇಷನ್ ತನ್ನ ತರಬೇತಿಯಲ್ಲಿ ಎಲ್ಲರಿಗೂ ಸಮಾನವಾದ ಸುರಕ್ಷತಾ ಪಾಠವೊಂದನ್ನು ಇಟ್ಟು, ಟ್ಯೂಬ್ ಮತ್ತು ಪೈಪ್ ಶುಚಿ, ಚರಂಡಿ ಶುಚಿ, ಮೇಲ್ಮೈ ಸಿದ್ಧತೆ, ಕಾಂಕ್ರೀಟ್ ಕೆತ್ತುವುದು ಇವಕ್ಕೆ ಬೇರೆ ಬೇರೆ ಪ್ರಾಯೋಗಿಕ ಭಾಗಗಳನ್ನು ಮಾಡಿದೆ. ಹದಿನೈದು ವರ್ಷ ಒಳಚರಂಡಿ ತೊಳೆದವನು ಚರಂಡಿಯಲ್ಲಿ ನಿಪುಣ. ಇವಾಪರೇಟರಿನಲ್ಲಿ ಅವನೂ ಹೊಸಬನೇ. ಅವನನ್ನು ಶಿಷ್ಯನಂತೆ ಕೂರಿಸಿ ಅವಮಾನಿಸುವುದು ಬೇಡ, ಮಷಿನ್ನಿನ ಮುಂದೆ ನಿಲ್ಲಿಸಿ ಮಾಡಿ ತೋರಿಸಲು ಹೇಳಿ. ಬಲ್ಲವನಾದರೆ ಅರ್ಧ ದಿನದಲ್ಲಿ ಮುಗಿಯುತ್ತದೆ.

ಗಾಯದ ಪಾಠವನ್ನು ಹೆಚ್ಚಿನ ಕಡೆ ಕಲಿಸುವುದೇ ಇಲ್ಲ. ಜೆಟ್ ಚರ್ಮದೊಳಕ್ಕೆ ಹೊಕ್ಕ ಜಾಗ ಸೂಜಿಮೊನೆಯಷ್ಟೇ ಇರಬಹುದು, ಮೊದಲಿಗೆ ಹೆಚ್ಚು ನೋವೂ ಇರದು. ಒಳಗೆ ಮಾತ್ರ ನೀರು ಕೊಳೆಯನ್ನೂ ಸೇರಿಸಿಕೊಂಡು ಮಾಂಸಖಂಡಗಳ ನಡುವೆ ದೂರದವರೆಗೆ ಹರಡಿರುತ್ತದೆ. ಟಿಟಿ ಚುಚ್ಚಿ, ಪಟ್ಟಿ ಕಟ್ಟಿ ಮನೆಗೆ ಕಳಿಸಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಾಧ್ಯತೆ ಇದೆ. ಇದು ಗಂಟೆಗಳೊಳಗೆ ಶಸ್ತ್ರಚಿಕಿತ್ಸಕರು ನೋಡಬೇಕಾದ ಗಾಯ. ಆಪರೇಟರನ ಕಿಸೆಯಲ್ಲಿ ಒಂದು ಕಾರ್ಡ್ ಇರಲಿ: ಗಾಯ ಅಧಿಕ ಒತ್ತಡದ ನೀರಿನಿಂದ ಆದದ್ದು, ಒತ್ತಡ ಇಷ್ಟು, ಸಮಯ ಇಷ್ಟು, ನೀರಿನಲ್ಲಿ ಬೆರೆತದ್ದು ಇಂಥದ್ದು ಎಂದು ವೈದ್ಯರಿಗೆ ತಿಳಿಯುವಂತೆ. ಟ್ಯೂಬುಗಳನ್ನು ಮೊದಲು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದ್ದರೆ ಆ ಸಂಗತಿ ಬರೆದಿರಲೇಬೇಕು. ಯಾವ ಊರಿನ ಯಾವ ಆಸ್ಪತ್ರೆಗೆ ಒಯ್ಯಬೇಕೆಂಬುದು ಕೆಲಸ ಆರಂಭವಾಗುವ ಮೊದಲೇ ನಿಶ್ಚಯವಾಗಿರಬೇಕು.

ಹೊಣೆಯ ವಿಷಯ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿಸಿದ 7ಎ ಕಲಮು ಮಾಹಿತಿ, ಸೂಚನೆ, ತರಬೇತಿ, ಮೇಲ್ವಿಚಾರಣೆ ನಾಲ್ಕನ್ನೂ ಬೇರೆಬೇರೆಯಾಗಿ ಹೆಸರಿಸಿ ಅಧಿಭೋಗದಾರರ, ಅಂದರೆ ಕಾರ್ಖಾನೆಯ ಆಡಳಿತದ ಮೇಲೆ ಅಂತಿಮ ಹಿಡಿತವಿರುವವರ, ಕರ್ತವ್ಯವಾಗಿಸಿತು. ಅದೇ ಕಾಯ್ದೆ ಮುಖ್ಯ ಮಾಲೀಕರಿಗೆ ತಿಳಿದಿರಲಿ, ತಿಳಿಯದಿರಲಿ, ಗುತ್ತಿಗೆದಾರನ ಮೂಲಕ ಬಂದವನನ್ನೂ ಕಾರ್ಮಿಕನೆಂದೇ ಎಣಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ತರಬೇತಿ ಉದ್ಯೋಗದಾತರ ಕರ್ತವ್ಯವಾಗಿಯೇ ಮುಂದುವರಿದಿದೆ. ಹುಡುಗರು ಗುತ್ತಿಗೆದಾರನವರು ಎಂಬ ಮಾತು ಕಾರ್ಖಾನೆಯನ್ನು ಕಾಪಾಡಲಾರದು.

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ನಿಮ್ಮಲ್ಲಿ ಪ್ರತಿಜ್ಞೆ ಬೋಧಿಸುತ್ತಾರೆ, ಆದರೆ ಜೆಟ್ಟಿಂಗ್ ಹುಡುಗರು ಬರುವುದು ಅದಾದ ಮೇಲೆ ಎಂದು ಬರೆದಿರುವಿರಿ. ಮುಂದಿನ ಗುತ್ತಿಗೆಯ ಕರಾರಿನಲ್ಲಿಯೇ ತಂಡ ಎರಡು ದಿನ ಮೊದಲು ಬರಬೇಕು, ಆ ದಿನಗಳ ಕೂಲಿಯನ್ನು ಕಾರ್ಖಾನೆ ಕೊಡುತ್ತದೆ, ಅಭ್ಯಾಸವನ್ನು ಹುಡುಗರಿಗೆ ತಿಳಿಯುವ ಭಾಷೆಯಲ್ಲಿ, ಅದು ಕನ್ನಡವಾಗಲಿ ಹಿಂದಿಯಾಗಲಿ, ನಡೆಸಬೇಕು ಎಂಬ ಷರತ್ತುಗಳನ್ನು ಬರೆಸಿ. ಕೂಲಿಯ ಮಾತಿಲ್ಲದ ಷರತ್ತು ಕಾಗದದಲ್ಲೇ ಉಳಿಯುತ್ತದೆ. ಇವಾಪರೇಟರಿನೊಳಗೆ ಇಳಿಯುವ ಪರ್ಮಿಟ್ಟಿಗೆ ಸಹಿ ಹಾಕುವವರು ನೀವೇ ಆದ್ದರಿಂದ, ಮೂವರೂ ನಿಮ್ಮೆದುರು ಒಮ್ಮೆ ಪಂಪ್ ನಿಲ್ಲಿಸಿ ತೋರಿಸುವವರೆಗೆ ಆ ಸಹಿಯನ್ನು ತಡೆಹಿಡಿಯುವ ಅಧಿಕಾರವೂ ನಿಮ್ಮಲ್ಲಿಯೇ ಇದೆ.

— ಸಂಪಾದಕ