ಎರೆಹುಳದಂತೆ ಕಾಣುವ ಇದು ನುಸಿ ಹೇಗಾಯ್ತು?

ಪ್ರಶ್ನೆ: ಮರಳಿನೊಳಗೆ ಬದುಕುವ ‘ನೆಮಟಾಲಿಸಿಡೆ’ ಎಂಬ ಜೀವಿಗಳ ಚಿತ್ರ ನೋಡಿದೆ. ದಾರದ ಎಳೆಯ ಹಾಗೆ ಉದ್ದ, ಮೈತುಂಬ ಉಂಗುರ, ಥೇಟ್ ಎರೆಹುಳ. ಕೆಳಗೆ ಮಾತ್ರ ‘ನುಸಿ’ ಅಂತ ಬರೆದಿತ್ತು. ನುಸಿ ಗುಂಡಗೆ ಇರುತ್ತದೆ ಅಲ್ವಾ?

ಉತ್ತರ: ಬರೆದಿದ್ದು ಸರಿಯಾಗಿಯೇ ಇದೆ. ಆಕಾರ ಬಿಡಿ, ಕಾಲು ಎಣಿಸಿ.

ಆ ಚಿತ್ರ ಮತ್ತೆ ಸಿಕ್ಕರೆ ದೊಡ್ಡದು ಮಾಡಿ ನೋಡಿ. ತಲೆಯ ಹತ್ತಿರ ಎರಡು ಜೊತೆ ಮೊಂಡು ಕಾಲು, ಇನ್ನೂ ಸ್ವಲ್ಪ ಹಿಂದೆ ಮತ್ತೆರಡು ಜೊತೆ. ಒಟ್ಟು ಎಂಟು. ಎರೆಹುಳಕ್ಕೆ ಕಾಲೇ ಇಲ್ಲ. ಜೇಡ, ಚೇಳು, ಉಣ್ಣೆ, ನುಸಿ, ಇವೆಲ್ಲ ಒಂದೇ ದೊಡ್ಡ ಮನೆತನದವು, ಎಂಟು ಕಾಲು ಇವುಗಳ ಗುರುತು. ನಾಲ್ಕನೇ ಜೊತೆಯ ಹಿಂದೆ ಬರುವುದೆಲ್ಲ ಹೊಟ್ಟೆಯ ಭಾಗ, ಎಳೆದು ಉದ್ದ ಮಾಡಿದ ಹಾಗಿದೆ.

ಇನ್ನು ಉಂಗುರಗಳು. ಜಾಸ್ತಿ ಜನ ಎಡವುವುದೇ ಇಲ್ಲಿ. ಎರೆಹುಳದ ಮೈಯನ್ನು ಉಂಗುರ ಉಂಗುರವಾಗಿ ಒಳಗಿನಿಂದಲೇ ಗೋಡೆ ಹಾಕಿ ಭಾಗ ಮಾಡಿರುತ್ತದೆ. ನುಸಿಯಲ್ಲಿ ಹಾಗಿಲ್ಲ, ಉಂಗುರವೆಲ್ಲ ಹೊರಗಿನ ಚರ್ಮದ ಮಡಿಕೆ ಅಷ್ಟೇ. ಮಡಿಕೆ ಇರುವುದರಿಂದ ಮೈ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತು ಮರಳಿನ ಕಣ ಕಣದ ನಡುವೆ ಇರುವ ಇಕ್ಕಟ್ಟಿನ ಸಂದಿಯಲ್ಲಿ ಕಾಲಿಗೆ ಕೆಲಸ ಕಡಿಮೆಯಾದಾಗ ಹಾಗೆ ಹಿಗ್ಗಿ ಕುಗ್ಗಿಯೇ ಮುಂದೆ ಸಾಗುತ್ತದೆ. ಗುಂಡು ಮೈ ಅಲ್ಲಿ ಸಿಕ್ಕಿಕೊಳ್ಳುತ್ತದೆ, ತೆಳ್ಳಗಿನದು ನುಸುಳುತ್ತದೆ.

ವರ್ಗೀಕರಣ ಕೇಳಿದ್ದರೆ ಇಷ್ಟು ಹೇಳಬಹುದು: ನೆಮಟಾಲಿಸಿಡೆ ಅನ್ನುವುದು ಒಂದು ಕುಟುಂಬದ ಹೆಸರು, ಅದರಲ್ಲಿ ಇರುವುದು ಕೆಲವೇ ಕುಲಗಳು, ಅಂದರೆ ಹತ್ತಿರದ ಜಾತಿಗಳ ಗುಂಪುಗಳು. ಸ್ಟ್ರೆಂಜ್ಕೆ ಎಂಬ ವಿಜ್ಞಾನಿ 1954ರಲ್ಲಿ ನೆಮಟಾಲಿಕಸ್ ಎಂಬ ಕುಲವನ್ನು ವಿವರಿಸಿದರು. ‘ನೆಮಾ’ ಅಂದರೆ ಗ್ರೀಕಿನಲ್ಲಿ ನೂಲು, ಹೆಸರೇ ಎಲ್ಲ ಹೇಳುತ್ತದೆ. ಆಮೇಲೆ ಗಾರ್ಡಿಯಾಲಿಕಸ್ ಬಂತು, ಇವುಗಳಲ್ಲಿ ತುಂಬಾ ಉದ್ದನೆಯದು. ಅಮೆರಿಕದ ಓಹಾಯೋದಲ್ಲಿ ಸಿಕ್ಕ, 2014ರಲ್ಲಿ ವಿವರಿಸಿದ ಓಸ್ಪೆರಾಲಿಕಸ್ ನನಗೆ ಎಲ್ಲಕ್ಕಿಂತ ಇಷ್ಟ. ಉದ್ದ ಸುಮಾರು 0.6 ಮಿಲಿಮೀಟರ್. ಸ್ಕೇಲಿನ ಎರಡು ಸಣ್ಣ ಗೆರೆಗಳ ನಡುವೆ ಹಾಯಾಗಿ ಮಲಗುತ್ತದೆ! ಅದರ ಬಾಯಿ ಒಂದು ಚೀಲದ ಹಾಗೆ. ಮೆತ್ತಗಿನ ಸೂಕ್ಷ್ಮಜೀವಿಗಳನ್ನು ತಿನ್ನಲು ಒಗ್ಗಿರುವ ಬಾಯಿ ಅದು, ಹೆಸರಿನಲ್ಲೂ ಆ ಚೀಲವೇ ಇದೆ.

ಈ ಕುಟುಂಬವನ್ನು ಎಂಡಿಯೋಸ್ಟಿಗ್ಮಾಟಾ ಎಂಬ ಹಳೆಯ ಕಾಲದ ನುಸಿಗಳ ಗುಂಪಿನಲ್ಲಿ ಇಡುತ್ತಾರೆ. ಆ ಗುಂಪು ಒಂದೇ ಮೂಲದ್ದಲ್ಲ, ಅದಕ್ಕೇ ಅದರೊಳಗೆ ಯಾರ ಜಾಗ ಎಲ್ಲಿ ಎಂಬುದು ಆಗಾಗ ಬದಲಾಗುತ್ತದೆ. ಗಿಡಗಳಲ್ಲಿ ಗಂಟು ಮಾಡುವ ನುಸಿಗಳು ಇವುಗಳ ಹತ್ತಿರದ ನೆಂಟರು ಎಂದು 2017ರಲ್ಲಿ ಬಾಲ್ಟನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ವಾದಿಸಿದ್ದಾರೆ. ತೆಂಗಿನಕಾಯಿಗೆ ಹತ್ತುವ ನುಸಿಯೂ ಆ ಬಳಗದ್ದೇ. ಅವುಗಳ ಮೈಯೂ ಉದ್ದ, ಉಂಗುರವೂ ಉಂಟು, ಆದರೆ ಕಾಲು ಎರಡೇ ಜೊತೆ. ಹಿಂದಿನ ನಾಲ್ಕು ಕಾಲು ಕಾಣೆಯಾಗಿವೆ.

ಒಂದು ಎಚ್ಚರಿಕೆ. ನಮ್ಮ ಮುಖದ ಕೂದಲಿನ ಬುಡದಲ್ಲಿರುವ ಡೆಮೊಡೆಕ್ಸ್ ನುಸಿಯೂ ಹುಳದ ಹಾಗೇ ಇದೆ. ಅದನ್ನು ಮರಳಿನ ನುಸಿಗಳ ತಮ್ಮ ಅಂದುಕೊಳ್ಳಬೇಡಿ. ಅದು ಬೇರೆ ಶಾಖೆ, ಇಕ್ಕಟ್ಟಿನ ಜಾಗದಲ್ಲಿ ಬದುಕಿ ತಾನಾಗಿಯೇ ಉದ್ದವಾಯಿತು. ಅದರ ಎಂಟೂ ಕಾಲು ಮುಂದೆಯೇ ಗುಂಪಾಗಿವೆ, ಮರಳಿನ ನುಸಿಯಂತೆ ಎರಡು ಕಡೆ ಹಂಚಿಕೊಂಡಿಲ್ಲ.